ಹರಿಹರದ ಸಂಜೆ, ದಾವಣಗೆರೆಯ ಬೆಳಗು

ದಾವಣಗೆರೆಯ ಕಲ್ಯಾಣ ಮಂಟಪಗಳಲ್ಲಿ ಈಗ ಆರತಕ್ಷತೆಯ ವೇದಿಕೆಯ ಪಕ್ಕ ಎಲ್‌ಇಡಿ ಪರದೆಯೊಂದು ಬಂದು ಕೂತಿದೆ. ಗಂಡು-ಹೆಣ್ಣು ಅಲಂಕಾರ ಮುಗಿಸಿಕೊಂಡು ಬರುವತನಕ ಅದರಲ್ಲಿ ಅವರ ಪ್ರೀ ವೆಡ್ಡಿಂಗ್ ವಿಡಿಯೊ ಓಡುತ್ತಿರುತ್ತದೆ. ಗೋವಾದ ಕಡಲ ದಂಡೆ, ಬೆಂಗಳೂರಿನ ಹೊರವಲಯದ ಯಾವುದೋ ಸೆಟ್‌ನಲ್ಲಿ ಎಬ್ಬಿಸಿದ ಯುರೋಪಿನ ಕಿಟಕಿ, ಪ್ಲಾಸ್ಟಿಕ್ ಹೂವಿನ ಉಯ್ಯಾಲೆ. ಪಂಕ್ತಿಗೆ ಕಾಯುತ್ತ ಕುಳಿತ ಹಿರಿಯರು "ಇದು ಯಾವೂರ್ರೀ?" ಎಂದು ಪಕ್ಕದವರನ್ನು ಕೇಳುತ್ತಾರೆ. ಪಕ್ಕದವರಿಗೂ ಗೊತ್ತಿರುವುದಿಲ್ಲ. ಹುಡುಗ ದಾವಣಗೆರೆಯ ವಿದ್ಯಾನಗರದವನು, ಹುಡುಗಿ ಹರಿಹರದವಳು ಎಂದುಕೊಳ್ಳಿ. ಎರಡೂ ಊರಿನ ನಡುವೆ ಇರುವುದು 14 ಕಿಲೊಮೀಟರ್. ಆ ದಾರಿಯ ಒಂದು ಮರ, ಒಂದು ಕಲ್ಲು, ಒಂದು ಅಂಗಡಿಯೂ ಆ ವಿಡಿಯೊದಲ್ಲಿ ಕಾಣುವುದಿಲ್ಲ.

ಮದುವೆಗೆ ಮುಂಚೆ ಜೋಡಿಯಾಗಿ ಫೋಟೊ ತೆಗೆಸುವುದೇ ತಪ್ಪು ಎನ್ನುವ ವಾದ ನನ್ನದಲ್ಲ. ಮದುವೆಯ ದಿನದ ಚಿತ್ರಗಳಲ್ಲಿ ಇಬ್ಬರೂ ನಿದ್ದೆಗೆಟ್ಟಿರುತ್ತಾರೆ, ಹೊಗೆಯಲ್ಲಿ ಕಣ್ಣು ಕೆಂಪಾಗಿರುತ್ತದೆ, ಸಾಲುಗಟ್ಟಿ ಬರುವ ನೆಂಟರಿಗೆ ಕೈ ಮುಗಿದು ಮುಗಿದು ನಗು ಒಣಗಿರುತ್ತದೆ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವಿನ ತಿಂಗಳುಗಳಲ್ಲಿ ಇರುವ ಸಂಕೋಚ, ಕುತೂಹಲ, ಒಬ್ಬರನ್ನೊಬ್ಬರು ಕದ್ದು ನೋಡುವ ಆ ಹೊತ್ತು ಮತ್ತೆ ಬರುವುದಿಲ್ಲ. ಅದನ್ನು ಹಿಡಿದಿಡಬೇಕು. ಆದರೆ ಎಲ್ಲಿ ನಿಂತು ಹಿಡಿದಿಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಗಟ್ಟಿಯಾಗಿದೆ: ಹತ್ತು ವರ್ಷ ಬಿಟ್ಟು ಮಕ್ಕಳ ಕೈ ಹಿಡಿದುಕೊಂಡು ಮತ್ತೆ ಹೋಗಿ ನಿಲ್ಲಬಹುದಾದ ಜಾಗದಲ್ಲಿ. ದಾವಣಗೆರೆ, ಹರಿಹರದವರಿಗೆ ಅಂಥ ಜಾಗಕ್ಕೆ ಬರವಿಲ್ಲ. ಯಾವ ಜಾಗಕ್ಕೆ ಯಾವ ಹೊತ್ತು ಹೊಂದುತ್ತದೆ, ಎಲ್ಲಿ ಯಾರ ಅನುಮತಿ ಬೇಕು, ಎಲ್ಲಿ ಕಾಲಿಡಲೇಬಾರದು ಎಂಬುದು ಗೊತ್ತಿದ್ದರೆ ಸಾಕು.

ಹರಿಹರಕ್ಕೂ ಕ್ಯಾಮೆರಾಕ್ಕೂ ನಂಟು ಬೆಳೆದದ್ದು ನಿನ್ನೆ ಮೊನ್ನೆಯಲ್ಲ. ಕ್ಯಾಮೆರಾ ಎಂಬುದು ಗಾಜಿನ ಫಲಕ, ರಾಸಾಯನಿಕದ ಬಾಟಲಿ, ಕತ್ತಲೆ ಡೇರೆ ಇವನ್ನೆಲ್ಲ ಹೊತ್ತು ಎತ್ತಿನ ಗಾಡಿಯಲ್ಲಿ ತಿರುಗುತ್ತಿದ್ದ 1850ರ ದಶಕದಲ್ಲೇ ಬ್ರಿಟಿಷ್ ಸೇನೆಯ ವೈದ್ಯ ಡಾ. ಪಿಗೌ ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳನ್ನು ಚಿತ್ರಿಸುತ್ತ ಬಂದರು. ಅವರೂ ನೀಲ್, ಬಿಗ್ಸ್ ಎಂಬ ಇನ್ನಿಬ್ಬರೂ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಫರ್ಗುಸನ್ ಬರೆದ ವಿವರಗಳೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಅದರಲ್ಲಿ ಹರಿಹರದ ಗುಡಿಯೂ ಇದೆ. ಕರ್ನಾಟಕದಲ್ಲಿ ಮೊದಮೊದಲು ಫೋಟೊ ಕಂಡ ಊರುಗಳ ಸಾಲಿನಲ್ಲಿ ನಮ್ಮ ಹರಿಹರವೂ ಒಂದು ಎನ್ನುವುದನ್ನು ಇಲ್ಲಿನ ಜೋಡಿಗಳು ತಿಳಿದಿರಬೇಕು.

ಜೋಡಿ ಫೋಟೊದ ಕಥೆ ಬೇರೆ. ಅದು ಬಹಳ ಕಾಲ ಸ್ಟುಡಿಯೊದ ಒಳಗೇ ಉಳಿಯಿತು. ಮದುವೆಯಾದ ಹೊಸದರಲ್ಲಿ ಪೇಟೆಗೆ ಹೋಗಿ, ಅರಮನೆಯ ಮೆಟ್ಟಿಲನ್ನೋ ಸರೋವರವನ್ನೋ ಬರೆದ ಪರದೆಯ ಮುಂದೆ ಒಬ್ಬರು ಕುರ್ಚಿಯಲ್ಲಿ ಕುಳಿತು ಒಬ್ಬರು ನಿಂತು ತೆಗೆಸಿಕೊಂಡ ಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಪರದೆ ಎಂದರೆ ದಾವಣಗೆರೆಗೆ ಹೊಸತಲ್ಲ. ಇದು ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿಯ ಊರು. ಅರಮನೆ ಪರದೆ, ಕಾಡಿನ ಪರದೆ, ಬೀದಿಯ ಪರದೆ ಎಂದು ಸುರುಳಿ ಬಿಚ್ಚಿ ಏರಿಸುತ್ತಿದ್ದ ವೃತ್ತಿ ರಂಗಭೂಮಿಯ ಊರು. ನಾಟಕಕ್ಕೆ ಪರದೆ ಬೇಕು, ಏಕೆಂದರೆ ಅಲ್ಲಿ ನಿಂತವರು ರಾಜರಲ್ಲ, ರಾಜರ ವೇಷದವರು. ಮದುವೆಯಾಗಲಿರುವ ಹುಡುಗ ಹುಡುಗಿ ವೇಷದವರಲ್ಲ.

ಮದುವೆಗೆ ಮುಂಚಿನ ಶೂಟ್ ಒಂದು ಉದ್ದಿಮೆಯಾಗಿ ಬೆಳೆದದ್ದು ತೈವಾನಿನಲ್ಲಿ. 1980-90ರ ದಶಕಗಳಲ್ಲಿ ತೈಪೆಯ ಸ್ಟುಡಿಯೊಗಳು ಬಾಡಿಗೆ ಗೌನು, ಮೇಕಪ್, ಸೆಟ್, ಆಲ್ಬಮ್ ಎಲ್ಲವನ್ನೂ ಒಂದೇ ಪ್ಯಾಕೇಜ್ ಮಾಡಿ ಮಾರತೊಡಗಿದವು. ಬಾನಿ ಏಡ್ರಿಯನ್ ಎಂಬ ಮಾನವಶಾಸ್ತ್ರಜ್ಞೆ ಅದನ್ನೇ ಅಧ್ಯಯನ ಮಾಡಿ 2003ರಲ್ಲಿ ಪುಸ್ತಕ ತಂದರು. ಆ ಪ್ಯಾಕೇಜಿನ ಜಾಡು ಚೀನಾ, ಸಿಂಗಪುರದತ್ತ ಹರಡಿತು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರೊಂದಿಗೆ ಸಿನಿಮಾ ಹಾಡಿನ ಕನಸೂ ಸೇರಿಕೊಂಡಿತ್ತು. ಹಾಗಾಗಿ ಇಲ್ಲಿನ ಹುಡುಗರು ಜಾಗ ಹುಡುಕುವಾಗ ಮೊದಲು ಕೇಳುವುದು "ಯಾವ ಹಾಡಿಗೆ ಮಾಡೋಣ?" ಎಂದು. ಕೇಳಬೇಕಾದ್ದು ಬೇರೆ: ನಾವು ಎಲ್ಲಿ ಓದಿದೆವು, ಎಲ್ಲಿ ಮೊದಲ ಸಲ ಕೂತು ಮಾತಾಡಿದೆವು, ನಮ್ಮ ಮನೆಯವರು ಏನು ಮಾಡಿಕೊಂಡು ಬದುಕಿದರು.

ಜಾಗಕ್ಕಿಂತ ಮೊದಲು ನೋಡಬೇಕಾದ್ದು ಬೆಳಕು. ದಾವಣಗೆರೆ ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭಾರತದ ಗಡಿಯಾರಕ್ಕೆ ಆಧಾರವಾದ ರೇಖಾಂಶದಿಂದ ನಾವು ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು 12 ಗಂಟೆಗಲ್ಲ, ಸರಾಸರಿ 12.25ರ ಹೊತ್ತಿಗೆ. ಬೇಸಿಗೆಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಬಿಸಿಲು ನೆತ್ತಿಯ ಕಡೆಯಿಂದಲೇ ಸುರಿಯುತ್ತದೆ. ಹುಬ್ಬಿನ ನೆರಳು ಕಣ್ಣ ಮೇಲೆ ಬಿದ್ದು ಕಣ್ಣೇ ಕಾಣದಂತಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಕೂರುತ್ತದೆ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ಅದು ಹೋಗುವುದಿಲ್ಲ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಮಧ್ಯದಲ್ಲೂ ಸೂರ್ಯ ನಮ್ಮ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆ ದಿನಗಳ ಮಧ್ಯಾಹ್ನ ಶೂಟಿಂಗ್ ಇಟ್ಟುಕೊಳ್ಳುವ ಬದಲು ಮನೆಯಲ್ಲಿ ಊಟ ಮಾಡಿ ಮಲಗುವುದು ವಾಸಿ.

ನವೆಂಬರ್ ಮಧ್ಯದಿಂದ ಫೆಬ್ರುವರಿಯವರೆಗೆ ಕಥೆ ಬೇರೆ. ಸೂರ್ಯ ದಕ್ಷಿಣಕ್ಕೆ ವಾಲಿ ನಡೆಯುತ್ತಾನೆ, ಬೆಳಕು ಬದಿಯಿಂದ ಬೀಳುತ್ತದೆ, ನೆರಳು ಉದ್ದವಾಗಿ ಮೆತ್ತಗಿರುತ್ತದೆ. ಜನವರಿಯ ಮೊದಲ ವಾರಗಳಲ್ಲಿ ಸೂರ್ಯೋದಯವಾಗುವುದೇ 7 ಗಂಟೆಯ ಹತ್ತಿರಕ್ಕೆ. ಹುಡುಗಿಯ ಮೇಕಪ್ಪಿಗೆ ನಸುಕಿನ 3 ಗಂಟೆಗೆ ಏಳುವ ಕಷ್ಟವೂ ತಪ್ಪುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಬಹಳ ಮನೆಗಳಲ್ಲಿ ಮದುವೆ ಇಡುವುದಿಲ್ಲ. ಕ್ಯಾಮೆರಾದವರು ಬಿಡುವಾಗಿ ಸಿಗುತ್ತಾರೆ, ಅವಸರ ಮಾಡುವುದಿಲ್ಲ. ಕಾರ್ತಿಕದಲ್ಲಿ ನಿಶ್ಚಯವಾಗಿ ಫಾಲ್ಗುಣಕ್ಕೆ ಮದುವೆ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮನೆಯ ಹಿರಿಯರು ಶೂನ್ಯಮಾಸ ಎಂದು ಅಳುಕಿದರೆ ಫೋಟೊ ಶಾಸ್ತ್ರವಲ್ಲ ಎಂದು ತಿಳಿಹೇಳಿ. ಒಪ್ಪದಿದ್ದರೆ ಸಂಕ್ರಾಂತಿ ಕಳೆದ ವಾರವೇ ಹೊರಡಿ. ಸಂಜೆಯ ಲೆಕ್ಕವನ್ನೂ ಮರೆಯಬಾರದು. ಜೂನ್‌ನಲ್ಲಿ 7ರ ಸಮೀಪ ಮುಳುಗುವ ಸೂರ್ಯ ನವೆಂಬರ್‌ನಲ್ಲಿ 6ಕ್ಕೂ ಮುಂಚೆ ಮುಳುಗಿರುತ್ತಾನೆ. "ಐದೂವರೆಗೆ ಹೋದರಾಯಿತು" ಎಂದು ಹೊರಟವರಿಗೆ ಸಿಗುವುದು ಕತ್ತಲೆ.

ಈಗ ಹರಿಹರದ ಗುಡಿಗೆ ಬರೋಣ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇದು. ಮುಂದೆ 1268ರಲ್ಲಿ ಸೋಮ ದಂಡನಾಯಕ ಇದಕ್ಕೆ ಮಹಾದ್ವಾರ ಕಟ್ಟಿಸಿದ. ಗರ್ಭಗುಡಿಯ ಮೂರ್ತಿ ಅರ್ಧ ಹರ, ಅರ್ಧ ಹರಿ. ಊರಿರುವುದೂ ಹರಿದ್ರಾ ನದಿ ತುಂಗಭದ್ರೆಯನ್ನು ಸೇರುವ ಕಡೆ. ಇಬ್ಬರು ಒಂದಾಗುವ ಹೊತ್ತಿನಲ್ಲಿ ನಿಲ್ಲಲು ಇದಕ್ಕಿಂತ ಅರ್ಥವುಳ್ಳ ಜಾಗ ನಮ್ಮ ಜಿಲ್ಲೆಯಲ್ಲಿ ನನಗೆ ಕಾಣುವುದಿಲ್ಲ.

ಮುಖಮಂಟಪದ ಕಂಬಗಳನ್ನು ಹತ್ತಿರ ನಿಂತು ನೋಡಬೇಕು. ಬಳಪದ ಕಲ್ಲನ್ನು ಯಂತ್ರದ ಮೇಲೆ ತಿರುಗಿಸಿ ಕಡೆದ ಕಂಬಗಳವು. ಬಳೆಯ ಮೇಲೆ ಬಳೆ ಪೇರಿಸಿದ ಹಾಗೆ ಸುತ್ತುಗಳು, ನಡುವೆ ಗಂಟೆಯಾಕಾರದ ಉಬ್ಬು, ಅದರ ಮೇಲೆ ತೆಳುವಾದ ಅಂಚು. ಬೆಳಗಿನ ಬಿಸಿಲು ಮಂಟಪದ ತೆರೆದ ಬದಿಯಿಂದ ಓರೆಯಾಗಿ ಒಳಗೆ ಬಂದಾಗ ಒಂದೊಂದು ಸುತ್ತಿನ ಅಂಚಿನಲ್ಲೂ ಬೆಳಕಿನ ಗೆರೆ ಮೂಡುತ್ತದೆ, ಅದರ ಕೆಳಗೆ ಅಷ್ಟೇ ತೆಳುವಾದ ನೆರಳು. ಹುಡುಗಿಯನ್ನು ಕಂಬಕ್ಕೆ ಒರಗಿಸಿ ನಿಲ್ಲಿಸುವುದಕ್ಕಿಂತ ಎರಡು ಹೆಜ್ಜೆ ಮುಂದಕ್ಕೆ ತಂದು ಕಕ್ಷಾಸನದ, ಎಂದರೆ ಮಂಟಪದ ಅಂಚಿನ ಕಲ್ಲು ಜಗಲಿಯ, ಮೇಲೆ ಕೂರಿಸಿದರೆ ಮುಖಕ್ಕೆ ಮೆದು ಬೆಳಕು ಬೀಳುತ್ತದೆ, ಹಿಂದೆ ಕಂಬಗಳ ಸಾಲು ಮಸುಕಾಗಿ ಹೋಗುತ್ತದೆ. "ಅಕ್ಕಾ, ಕ್ಯಾಮೆರಾ ನೋಡಬ್ಯಾಡ್ರಿ, ಅಣ್ಣಾರು ಏನೋ ಹೇಳಾಕ್ಹತ್ಯಾರ, ಅದನ್ನ ಕೇಳ್ರಿ" ಎಂದು ಹೇಳಿ ಕಾಯಬಲ್ಲ ಛಾಯಾಗ್ರಾಹಕ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ಸಂಗತಿ ನನಗೆ ಯಾವಾಗಲೂ ವಿಸ್ಮಯ ತರುತ್ತದೆ. ಎಂಟುನೂರು ವರ್ಷದ ಹಿಂದೆ ಕಲ್ಲನ್ನು ಹೀಗೆ ಕಡೆದ ಊರಿನಲ್ಲೇ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿ ಕಳಿಸಿತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅಲ್ಲಿ ದುಡಿದವರ ಮನೆಯ ಮಕ್ಕಳು ಆ ಕಂಬಗಳ ನಡುವೆ ನಿಂತರೆ ಆ ಚಿತ್ರಕ್ಕೆ ಬೇರೆಯದೇ ತೂಕ ಬರುತ್ತದೆ.

ಆದರೆ ಇದು ಪೂಜೆ ನಡೆಯುವ ಗುಡಿ, ಜೊತೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಸ್ಮಾರಕ. ಎರಡನ್ನೂ ನೆನಪಿಡಬೇಕು. ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ನಾಲ್ಕು ಚಿತ್ರ ತೆಗೆದುಕೊಳ್ಳುವುದು ಒಂದು. ಟ್ರೈಪಾಡ್ ನಿಲ್ಲಿಸಿ, ದೀಪ ಹಚ್ಚಿ, ತಂಡ ಕಟ್ಟಿಕೊಂಡು ಚಿತ್ರೀಕರಣ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಸರ್ವೇಕ್ಷಣದ ಕಚೇರಿಗೆ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಡ್ರೋನ್ ಹಾರಿಸಲು ಅನುಮತಿ ಇಲ್ಲದೆ ಯೋಚಿಸಲೇಬಾರದು. ಬಣ್ಣದ ಹೊಗೆಯ ಡಬ್ಬಿ, ಥರ್ಮಾಕೋಲಿನ ಅಕ್ಷರ, ಕಂಬಕ್ಕೆ ಟೇಪಿನಿಂದ ಅಂಟಿಸುವ ಹೂವು ಇವೆಲ್ಲ ಗುಡಿಯ ಹೊರಗೇ ಇರಲಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾನೂನಿದೆ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸದಿರುವುದು, ಅರ್ಚಕರಿಗೆ ಮೊದಲು ಹೇಳಿ ಒಂದು ಮಾತು ಕೇಳುವುದು, ದರ್ಶನಕ್ಕೆ ಬಂದ ಅಜ್ಜಿಯನ್ನು "ಸ್ವಲ್ಪ ಸರೀರಿ" ಎಂದು ಎಬ್ಬಿಸದಿರುವುದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆ ಅಜ್ಜಿ ಚಿತ್ರದ ಒಂದು ಮೂಲೆಯಲ್ಲಿ ಉಳಿದರೆ ಚಿತ್ರ ಕೆಡುವುದಿಲ್ಲ, ತುಂಬುತ್ತದೆ.

ಗುಡಿ ಬೆಳಗಿನದಾದರೆ ನದಿ ಸಂಜೆಯದು. ಹರಿಹರ ಇರುವುದು ತುಂಗಭದ್ರೆಯ ಪೂರ್ವ ದಂಡೆಯಲ್ಲಿ. ಆಚೆ ದಡ ರಾಣೆಬೆನ್ನೂರು ತಾಲ್ಲೂಕು. ಹಾಗಾಗಿ ಹರಿಹರದ ದಡದಲ್ಲಿ ನಿಂತವರಿಗೆ ಸೂರ್ಯ ಹೊಳೆಯ ಆಚೆ ಮುಳುಗುತ್ತಾನೆ, ನೀರಿನ ಮೇಲೆ ಕೆಂಪು ದಾರಿ ಬಿದ್ದು ಕಾಲ ಬುಡಕ್ಕೆ ಬರುತ್ತದೆ. ಇಲ್ಲಿ ಜೋಡಿಯ ಮುಖಕ್ಕೆ ಬೆಳಕು ಹಾಕುವ ಹಟ ಬಿಟ್ಟು ಬರೀ ಆಕಾರವನ್ನು ಹಿಡಿದರೆ ಸಾಕು: ಸೀರೆಯ ಸೆರಗು, ತಲೆಯ ಮೇಲಿನ ಹೂವು, ಇಬ್ಬರ ನಡುವಿನ ಗೇಣು ಅಂತರ. ನಸುಕಿನಲ್ಲಿ ಬರುವವರು ಸೇತುವೆ ದಾಟಿ ಕೊಡಿಯಾಲ ಹೊಸಪೇಟೆಯ ಕಡೆ ಹೋಗಿ ಹರಿಹರಕ್ಕೆ ಮುಖ ಮಾಡಬೇಕು, ಆಗ ಸೂರ್ಯ ಊರಿನ ಮೇಲಿಂದ ಏಳುತ್ತಾನೆ. ಹಳೆಯ ಸೇತುವೆ 1868ರಲ್ಲಿ ಮುಗಿದದ್ದು. ಕಲ್ಲು-ಇಟ್ಟಿಗೆಯ 14 ಕಮಾನುಗಳಿಂದ ಮೈಸೂರು ಸೀಮೆಯನ್ನೂ ಮುಂಬೈ ಸೀಮೆಯನ್ನೂ ಅದು ಜೋಡಿಸಿತ್ತು. ಹರಿಹರದ ಹೆಣ್ಣು ರಾಣೆಬೆನ್ನೂರಿಗೂ ಬ್ಯಾಡಗಿಯ ಹೆಣ್ಣು ದಾವಣಗೆರೆಗೂ ಸೊಸೆಯಾಗಿ ಹೋದ ದಾರಿ ಅದು. ದಡದಿಂದ ಕಮಾನುಗಳ ಸಾಲನ್ನು ಹಿಂದೆ ಇಟ್ಟುಕೊಂಡು ತೆಗೆದ ಚಿತ್ರ ಚೆಂದ. ವಾಹನ ಓಡುವ ಸೇತುವೆಯ ನಡುವೆ ನಿಲ್ಲುವುದು ಬೇಡ.

ನದಿಯ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾದ ಮಾತಿದೆ. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ, ಮದುವೆಗೆ ಇನ್ನು ಕೆಲವೇ ದಿನ ಉಳಿದಿದ್ದ ಜೋಡಿಯೊಂದು ಫೋಟೊ ತೆಗೆಸಲೆಂದು ತೆಪ್ಪ ಹತ್ತಿ, ಅದು ಮಗುಚಿ ಇಬ್ಬರೂ ನೀರುಪಾಲಾದರು. ಎರಡು ಮನೆಗಳಲ್ಲಿ ಚಪ್ಪರದ ಬದಲು ಸೂತಕ ಬಂತು. ತುಂಗಭದ್ರೆಯೂ ಹಾಗೆ ನಂಬಿ ಇಳಿಯುವ ನೀರಲ್ಲ. ಬೇಸಿಗೆಯಲ್ಲಿ ಬಂಡೆ, ಮರಳು ಕಾಣುವಷ್ಟು ತೆಳುವಾಗಿದ್ದರೂ ಮರಳು ತೆಗೆದ ಗುಂಡಿಗಳು ನೀರಿನ ಅಡಿಯಲ್ಲಿ ಅಡಗಿರುತ್ತವೆ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಏರುತ್ತದೆ. ಭಾರದ ಲೆಹೆಂಗಾ, ರೇಷ್ಮೆ ಸೀರೆ ನೀರು ಹೀರಿದರೆ ಈಜು ಬಲ್ಲವರೂ ಮೇಲೇಳಲಾರರು. ದಡದ ಮೆಟ್ಟಿಲಿನಿಂದ ಕೆಳಗೆ ಇಳಿಯಬೇಡಿ, ತೆಪ್ಪ ಹತ್ತಬೇಡಿ. ಛಾಯಾಗ್ರಾಹಕ "ಒಂದೇ ಒಂದು ಶಾಟ್" ಎಂದರೂ ಬೇಡ ಎನ್ನಿ. ರೈಲು ಹಳಿಯ ಮಾತೂ ಇದೇ. ಹಳಿಗಳು ದೂರಕ್ಕೆ ಹೋಗಿ ಒಂದಾಗುವ ನೋಟ ಕ್ಯಾಮೆರಾಕ್ಕೆ ಪ್ರಿಯ, ಆದರೆ ಹಳಿಯ ಮೇಲೆ ಅತಿಕ್ರಮ ಪ್ರವೇಶ 1989ರ ರೈಲ್ವೆ ಕಾಯ್ದೆಯಂತೆ 6 ತಿಂಗಳವರೆಗೆ ಸೆರೆವಾಸ ತರಬಲ್ಲ ಅಪರಾಧ. ವಿದ್ಯುತ್ ರೈಲು ಸದ್ದಿಲ್ಲದೆ ಹತ್ತಿರ ಬಂದಿರುತ್ತದೆ.

ದಾವಣಗೆರೆಯಲ್ಲಿ ಜಾಗ ಎಲ್ಲಿದೆ ಎಂದು ಕೇಳಿದರೆ ಬಹಳ ಜನ ಮೊದಲು ಹೇಳುವುದು ಗಾಜಿನ ಮನೆ. ಕುಂದವಾಡದ ಬಳಿ ತೋಟಗಾರಿಕೆ ಇಲಾಖೆಯ ಈ ಕಟ್ಟಡ ದೊಡ್ಡದು, ಹೊಸದು, ನೋಡಲು ಚೆಂದ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು, ನಮ್ಮದು ಅದರ ಮೊಮ್ಮಗನ ಕಾಲದ್ದು. ಗಾಜಿನ ಚಾವಣಿಯ ಕೆಳಗೆ ಬಿಸಿಲಿನಲ್ಲಿ ಕಟ್ಟುಗಳ ಪಟ್ಟೆ ಪಟ್ಟೆ ನೆರಳು ಮುಖದ ಮೇಲೆ ಬೀಳುತ್ತದೆ, ಮೋಡ ಕವಿದ ದಿನ ಅದೇ ಚಾವಣಿಯಿಂದ ಸಮನಾದ ಬೆಳಕು ಇಳಿಯುತ್ತದೆ. ಹಾಗಾಗಿ ಇದು ಮಳೆಗಾಲದ ಜಾಗ. ಹೊರಗೆ ಜಿಟಿಜಿಟಿ ಹಿಡಿದು ಬೇರೆಲ್ಲೂ ಹೋಗಲಾಗದ ದಿನ ಇಲ್ಲಿಗೆ ಬನ್ನಿ. ರಜೆಯ ಸಂಜೆ ಜನ ತುಂಬಿರುತ್ತಾರೆ, ವಾರದ ನಡುವೆ ಬೆಳಿಗ್ಗೆ ಒಳ್ಳೆಯದು. ತಂಡ ಕಟ್ಟಿಕೊಂಡು ಹೋಗುವವರು ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಬೇಕು.

ಹತ್ತಿರದ ಕುಂದವಾಡ ಕೆರೆಗೆ ಭದ್ರಾ ನಾಲೆಯ ನೀರು ಬರುತ್ತದೆ, ನಗರದ ಕುಡಿಯುವ ನೀರಿಗೂ ಅದು ಬಳಕೆಯಾಗುತ್ತದೆ. 2016ರ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಸೇರಿತು. ಮುಂದೆ ಆ ಯೋಜನೆಯಡಿ ಕೆರೆಯ ಕಾಮಗಾರಿ ನಡೆದಾಗ ಹಕ್ಕಿಗಳ ಗತಿಯೇನು ಎಂದು ಊರಿನ ಪರಿಸರಾಸಕ್ತರು ಧ್ವನಿ ಎತ್ತಿದ್ದರು. ಆ ಕಾಳಜಿ ಫೋಟೊ ತೆಗೆಸುವವರಿಗೂ ಇರಲಿ. ಚಳಿಗಾಲದ ಬೆಳಗಿನಲ್ಲಿ ಏರಿಯ ಮೇಲೆ ನಡೆದು ಹೋಗುವ ಜೋಡಿ, ಹಿಂದೆ ಮಂಜು, ನೀರಕ್ಕಿಗಳು. ಅಷ್ಟು ಸಾಕು. ಹಕ್ಕಿ ಹಾರಿಸಲು ಕಲ್ಲು ಎಸೆಯುವುದು, ಡ್ರೋನ್ ಬಿಡುವುದು, ಕುಡಿಯುವ ನೀರಿಗೆ ಹೂವಿನ ಪಕಳೆ ಸುರಿಯುವುದು ಬೇಡ.

ನನ್ನನ್ನು ಕೇಳಿದರೆ ಈ ನಗರದ ನಿಜವಾದ ಚಿತ್ರ ಇರುವುದು ಹಳೆಯ ಪೇಟೆಯಲ್ಲಿ. ಮಧ್ಯ ಕರ್ನಾಟಕದ ಎಷ್ಟೋ ಹಳ್ಳಿಗಳ ಮದುವೆಯ ಜವಳಿ ದಾವಣಗೆರೆಯಲ್ಲೇ ಕಟ್ಟಿಸಿಕೊಂಡು ಹೋಗುವುದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಊರಿನ ಹತ್ತಿ ಗಿರಣಿಗಳು ನಿಂತು ಕಾಲವಾಯಿತು, ಜವಳಿ ಪೇಟೆ ನಿಂತಿಲ್ಲ. ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆಯ ಓಣಿಗಳಲ್ಲಿ ಬೆಳಿಗ್ಗೆ ಅಂಗಡಿಯ ಕದ ತೆಗೆದು ನೀರು ಚಿಮುಕಿಸಿ, ಲೋಬಾನದ ಹೊಗೆ ಹಾಕುವ ಹೊತ್ತಿಗೆ ಹೋಗಬೇಕು. ಓಣಿ ಕಿರಿದಾದ್ದರಿಂದ ಬಿಸಿಲು ನೇರ ಬೀಳದೆ ಎದುರು ಗೋಡೆಗೆ ತಾಗಿ ತಿರುಗಿ ಬರುತ್ತದೆ, ಮುಖಕ್ಕೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಜವಳಿ ಅಂಗಡಿಯ ಬಿಳಿ ಗಾದಿಯ ಮೇಲೆ ಹುಡುಗಿ, ಅವಳ ಅಮ್ಮ, ಅತ್ತೆಯಾಗುವವರು ಕೂತು ಸೀರೆ ಬಿಡಿಸಿ ನೋಡುವಾಗ, ಬಾಗಿಲ ಬಳಿ ಹುಡುಗ ಕೈ ಕಟ್ಟಿ ನಿಂತಿರುವ ಚಿತ್ರವನ್ನು ಯೋಚಿಸಿ ನೋಡಿ. ಅದಕ್ಕೆ ಸೆಟ್ ಬೇಡ, ನಟನೆ ಬೇಡ. ಅಂಗಡಿಯ ಮಾಲೀಕರು ಒಪ್ಪಿದರೆ ಸಾಕು, ಜವಳಿ ಕೊಳ್ಳುವ ಗಿರಾಕಿಗೆ ಅವರು ಇಲ್ಲ ಎನ್ನುವುದು ಕಡಿಮೆ.

ಹಾಗೆಯೇ ಬೆಣ್ಣೆ ದೋಸೆಯ ಹೋಟೆಲು. ಕಟ್ಟಿಗೆ ಒಲೆಯ ಮೇಲಿನ ಕಾವಲಿ, ಹುಯ್ದ ಹಿಟ್ಟಿನ ಮೇಲೆ ಬೀಳುವ ಬೆಣ್ಣೆ ಮುದ್ದೆ, ಏಳುವ ಆವಿ, ಬಾಳೆ ಎಲೆಯ ತುಂಡಿನ ಮೇಲೆ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಗೋಡೆಗೆ ಒತ್ತಿದ ಬೆಂಚಿನ ಮೇಲೆ ಇಬ್ಬರೂ ಎದುರುಬದುರು ಕೂತಾಗ ಒಲೆಯ ಬೆಂಕಿಯ ಬಣ್ಣ ಒಂದು ಕಡೆಯಿಂದ, ಬಾಗಿಲ ಹಗಲು ಇನ್ನೊಂದು ಕಡೆಯಿಂದ ಬರುತ್ತದೆ. ಬೆಳಗಿನ ಗಿರಾಕಿ ತುಂಬುವ ಮುಂಚೆ ಅಥವಾ ಮಧ್ಯಾಹ್ನ 3ರ ಬಿಡುವಿನಲ್ಲಿ ಕೇಳಿ ಹೋಗಿ. ದೋಸೆ ತಣ್ಣಗಾಗುವವರೆಗೆ ಪೋಸ್ ಕೊಡಿಸಬೇಡಿ, ತಿನ್ನಲು ಬಿಡಿ, ತಿನ್ನುವಾಗಲೇ ತೆಗೆಯಿರಿ. ಮಂಡಕ್ಕಿ-ಮೆಣಸಿನಕಾಯಿಯ ಗಾಡಿಯ ಮುಂದಿನ ಸಂಜೆಯೂ ಅಷ್ಟೇ ಸೊಗಸು. ದಾವಣಗೆರೆಯಲ್ಲೇ ಗುಡಿಯೊಂದು ಬೇಕೆನ್ನುವವರಿಗೆ ಆನೆಕೊಂಡದ ಈಶ್ವರ ಗುಡಿಯಿದೆ. ಅದು ಚಾಲುಕ್ಯ ಶೈಲಿಯ ಚಿಕ್ಕ ರಚನೆ, ಊರೊಳಗೇ ಇದ್ದೂ ಹೆಚ್ಚು ಜನ ಹೋಗುವುದಿಲ್ಲ. ಒಟ್ಟಿಗೆ ಓದಿದವರಾದರೆ ನಿಮ್ಮ ಕಾಲೇಜಿನ ಆವರಣವೇ ಮೊದಲ ಆಯ್ಕೆಯಾಗಲಿ. 1951ರಲ್ಲಿ ಶುರುವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಪ್ಪನೂ ಓದಿ ಮಗಳೂ ಓದಿದ ಮನೆಗಳಿವೆ. ಪ್ರಾಂಶುಪಾಲರಿಗೆ ಒಂದು ಪತ್ರ ಕೊಟ್ಟು, ಪಾಠವಿಲ್ಲದ ದಿನ ಹೋಗಬೇಕು.

ದುಡಿಯುವ ಜಾಗದ ವಿಚಾರಕ್ಕೆ ಬಂದರೆ ಒಂದು ಎಚ್ಚರ ಬೇಕು. 2024ರ ಫೆಬ್ರುವರಿಯಲ್ಲಿ, ಇಲ್ಲಿಂದ ಚಿತ್ರದುರ್ಗದ ಹೆದ್ದಾರಿಯಲ್ಲಿ ಸಿಗುವ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗುತ್ತಿಗೆ ವೈದ್ಯರೊಬ್ಬರು ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿದ್ದು, ಸೇವೆಯಿಂದ ವಜಾಗೊಂಡದ್ದು ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ತಾನು ಮಾಡುವ ಕೆಲಸ ಚಿತ್ರದಲ್ಲಿ ಇರಲಿ ಎನ್ನುವ ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ಕೊಠಡಿ ರೋಗಿಗಳದ್ದು. ಅಡಿಕೆ ತೋಟದ ಹುಡುಗ ತನ್ನ ತೋಟದಲ್ಲಿ, ಗ್ಯಾರೇಜಿನ ಹುಡುಗ ತನ್ನ ಗ್ಯಾರೇಜಿನಲ್ಲಿ, ಟೀಚರ್ ಹುಡುಗಿ ಶಾಲೆ ಬಿಟ್ಟ ಮೇಲೆ ಹೇಳಿ ಕೇಳಿ ಖಾಲಿ ವರಾಂಡದಲ್ಲಿ ನಿಂತರೆ ಯಾರಿಗೂ ತೊಂದರೆಯಿಲ್ಲ.

ಊರ ಹೊರಗೆ ಹೋಗಲೇಬೇಕೆಂದರೆ ಭದ್ರಾ ನಾಲೆಯ ಬಯಲು ಇದೆ. ನೀರು ಬಿಟ್ಟ ವರ್ಷ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೂ ಫೆಬ್ರುವರಿ-ಮಾರ್ಚ್‌ನಲ್ಲೂ ಭತ್ತದ ಗದ್ದೆ ಹಸಿರಾಗಿರುತ್ತದೆ. ಬದುವಿನ ಮೇಲೆ ನಡೆಯಿರಿ, ಪೈರು ತುಳಿಯಬೇಡಿ, ಗದ್ದೆಯ ಯಜಮಾನರನ್ನು ಕೇಳಿ ಇಳಿಯಿರಿ. ದೊಡ್ಡಬಾತಿಯ ಗುಡ್ಡ ಸಂಜೆಗೆ, ಕೊಂಡಜ್ಜಿಯ ಕೆರೆ ಮತ್ತು ಕಾಡು ಬೆಳಗಿಗೆ. ಸುಮಾರು 40 ಕಿಲೊಮೀಟರ್ ದೂರದ ಸಂತೇಬೆನ್ನೂರಿನ ಪುಷ್ಕರಣಿ, ನೀರಿನ ನಡುವೆ ನಿಂತ ಅದರ ಮಂಟಪ 16ನೇ ಶತಮಾನದವು. ಅಲ್ಲೂ ಪುರಾತತ್ವ ಇಲಾಖೆಯ ನಿಯಮಗಳೇ.

ಎಷ್ಟು ಜಾಗ ಎಂಬ ಪ್ರಶ್ನೆಗೆ ಎರಡು, ಹೆಚ್ಚೆಂದರೆ ಮೂರು ಎಂದೇ ಹೇಳುತ್ತೇನೆ. ಒಂದೇ ದಿನದಲ್ಲಿ ಆರು ಜಾಗ ಸುತ್ತುವ ಪ್ಯಾಕೇಜಿನಲ್ಲಿ ಕಾರಿನಲ್ಲೇ ಹೊತ್ತು ಕಳೆದು ಹೋಗುತ್ತದೆ. ಪ್ರತಿ ಜಾಗದಲ್ಲೂ ಮೊದಲ ಅರ್ಧ ಗಂಟೆ ಮೈ ಬಿಗಿಯಾಗಿರುತ್ತದೆ, ಸಡಿಲಾಗುವ ಹೊತ್ತಿಗೆ "ಮುಂದಿನ ಲೊಕೇಶನ್ ನಡೀರಿ" ಎನ್ನುತ್ತಾರೆ. ಬೆಳಿಗ್ಗೆ ಪೇಟೆ ಅಥವಾ ಗುಡಿ, ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಊಟ ಮತ್ತು ವಿಶ್ರಾಂತಿ, ಸಂಜೆ ಹೊಳೆ. ಮಧ್ಯದ ಆ ಮನೆ ಹುಡುಗಿಗೆ ಬಹಳ ಮುಖ್ಯ. ಜಾಗ ಪಟ್ಟಿ ಮಾಡುವ ಗಂಡಸರು ಮರೆಯುವುದು ಇದನ್ನೇ: ಅವಳು ಸೀರೆ ಬದಲಿಸುವುದು ಎಲ್ಲಿ, ಶೌಚಾಲಯ ಎಲ್ಲಿದೆ? ಕಾರಿನೊಳಗೆ ದುಪಟ್ಟಾ ಅಡ್ಡ ಹಿಡಿದು ಬಟ್ಟೆ ಬದಲಿಸುವ ಪಾಡು ಯಾವ ಹೆಣ್ಣುಮಗಳಿಗೂ ಬರಬಾರದು. ಶೌಚಾಲಯವಿಲ್ಲದ ಜಾಗ ಎಷ್ಟೇ ಚೆಂದವಿದ್ದರೂ ಪಟ್ಟಿಯಿಂದ ತೆಗೆಯಿರಿ. ಜೊತೆಗೆ ಅಕ್ಕನೋ ಗೆಳತಿಯೋ ಇರಲಿ. ನಮ್ಮ ಕಡೆ "ತಮ್ಮನನ್ನು ಕರ್ಕೊಂಡು ಹೋಗು" ಎಂದು ಕಳಿಸುವುದುಂಟು. ತಮ್ಮನಿಗಿಂತ, ಸೆರಗಿನ ಪಿನ್ನು ಹಾಕಲು ಬಲ್ಲವರು ಜೊತೆಗಿದ್ದರೆ ಅವಳಿಗೆ ನಿರಾಳ.

ಛಾಯಾಗ್ರಾಹಕರೊಂದಿಗೆ ದುಡ್ಡಿನ ಮಾತು ಆಡುವಾಗಲೇ ಇನ್ನೊಂದು ಮಾತು ಆಡಿಕೊಳ್ಳಿ. ಶೂಟ್ ಮುಗಿದ ರಾತ್ರಿಯೇ ನಾಲ್ಕು ಚಿತ್ರ ತಮ್ಮ ಇನ್‌ಸ್ಟಾಗ್ರಾಮಿಗೆ ಹಾಕುವುದು ಈ ವೃತ್ತಿಯಲ್ಲಿ ರೂಢಿಯಾಗಿದೆ. ಅದು ಅವರ ಜಾಹೀರಾತು. ಆದರೆ ನಿಶ್ಚಯವಾದ ಸಂಬಂಧಗಳೆಲ್ಲ ಮದುವೆಯವರೆಗೆ ಹೋಗುವುದಿಲ್ಲ, ನಡುವೆ ಮುರಿದು ಬೀಳುವುದೂ ಉಂಟು. ಮುರಿದ ಮೇಲೆ ಹುಡುಗ ಹೇಗೋ ಮುಂದೆ ಹೋಗುತ್ತಾನೆ. ನಮ್ಮ ಊರುಗಳಲ್ಲಿ ಆ ಚಿತ್ರ ಹಿಡಿದು ಪ್ರಶ್ನೆ ಕೇಳಿಸಿಕೊಳ್ಳುವವಳು ಹುಡುಗಿಯೇ. ಮದುವೆ ಆಗುವವರೆಗೆ, ಇಬ್ಬರ ಒಪ್ಪಿಗೆ ಇಲ್ಲದೆ, ಒಂದು ಚಿತ್ರವನ್ನೂ ಎಲ್ಲೂ ಹಾಕಬಾರದು ಎಂದು ಮುಂಗಡ ಕೊಡುವ ದಿನವೇ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೇಳಲು ಹುಡುಗಿಗೆ ಸಂಕೋಚವಾದರೆ ಹುಡುಗನೇ ಮುಂದಾಗಿ ಕೇಳಬೇಕು.